ಗುಂಡಿಗೂ ಬೇಕು ಅಳತೆಯ ಬಟ್ಟೆ

ಕೊಡಗಿನ ಕೈಲ್ ಮುಹೂರ್ತ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಈಗಿನ ತೋಟಾ ಕೋವಿಯಲ್ಲಿ ಗುರಿ ತಪ್ಪಿದರೆ ಹೊಡೆದವರನ್ನು ದೂರಬಹುದು. ಬಾಯಿಯಿಂದ ಮದ್ದು ತುಂಬುತ್ತಿದ್ದ ಹಳೆಯ ಕೋವಿಗಳಲ್ಲಿ ಗುಂಡಿನ ಅಳತೆಯೂ ತಪ್ಪಿತಸ್ಥ.

1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷರ ಬ್ರೌನ್ ಬೆಸ್ ಕೋವಿಯ ನಳಿಗೆ ಸುಮಾರು 0.75 ಇಂಚು, ಗುಂಡು ಸುಮಾರು 0.69. ಮದ್ದಿನ ಮಸಿ ಕಟ್ಟಿದರೂ ಗುಂಡು ಬೇಗ ಇಳಿಯಲೆಂದೇ ಈ ಸಡಿಲ. ಆದರೆ ಗುಂಡು ನಳಿಗೆಯ ಒಳಮೈಗೆ ಬಡಿಯುತ್ತ ಹೊರಬೀಳುವುದರಿಂದ ಗುರಿ ನಿಲ್ಲದು. ಸಿಪಾಯಿಗಳು ಸಾಲಾಗಿ ನಿಂತು ಒಟ್ಟಿಗೆ ಹಾರಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ.

ರೈಫಲ್‌ನ ಉಪಾಯ ಬೇರೆ. ಅದರ ನಳಿಗೆಯೊಳಗೆ ತಿರುಪಿನಂತಹ ಗೀರುಗಳಿವೆ. ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಗುಂಡನ್ನಿಟ್ಟು ಕೋಲಿನಿಂದ ತಳ್ಳುತ್ತಾರೆ. ಅರ್ಧ ಇಂಚಿನ ನಳಿಗೆಗೆ ಸಾಮಾನ್ಯವಾಗಿ 0.49 ಇಂಚಿನ ಗುಂಡು, 0.015 ಇಂಚು ದಪ್ಪದ ಬಟ್ಟೆ. ಎರಡೂ ಬದಿಯ ಬಟ್ಟೆ ಸೇರಿದರೆ 0.52. ಈ ಹೆಚ್ಚಿನ ಬಟ್ಟೆ ಅದುಮಿಕೊಂಡು ಗೀರುಗಳನ್ನು ತುಂಬುತ್ತದೆ, ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ.

ಬಟ್ಟೆ ತೆಳುವಾದರೆ ಸುಟ್ಟು ಹರಿಯುತ್ತದೆ. ತೀರಾ ದಪ್ಪವಾದರೆ ಗುಂಡು ನಡುವೆಯೇ ಸಿಕ್ಕಿಕೊಳ್ಳುತ್ತದೆ; ಮದ್ದಿಗೆ ತಾಗದೆ ನಿಂತ ಗುಂಡು ನಳಿಗೆಯನ್ನೇ ಸಿಡಿಸಬಹುದು. ಆದ್ದರಿಂದಲೇ ಅನುಭವಸ್ಥರು ಗುರಿಹಲಗೆಯ ಜೊತೆಗೆ ನೆಲಕ್ಕೆ ಬಿದ್ದ ಬಟ್ಟೆಯನ್ನೂ ಹೆಕ್ಕಿ ನೋಡುತ್ತಾರೆ.