ಬೊಂಬೆಯ ಕುರ್ಚಿ

ನನ್ನ ಮೊಮ್ಮಗಳಿಗೆ ಇನ್ನೂ ಎರಡು ತುಂಬಿಲ್ಲ. ದಸರಾ ಬೊಂಬೆಗಳ ನಡುವೆ ಇದ್ದ, ಗೇಣುದ್ದವೂ ಇಲ್ಲದ ಚನ್ನಪಟ್ಟಣದ ಕುರ್ಚಿಯೊಂದನ್ನು ಕೆಳಗಿಳಿಸಿ, ಅದರ ಮೇಲೆ ಗಂಭೀರವಾಗಿ ಕುಳಿತುಕೊಳ್ಳಲು ಹೊರಟಳು. ಕುರ್ಚಿ ಉರುಳಿತು, ಅವಳೂ ಉರುಳಿದಳು. ಎದ್ದು, ಅದನ್ನು ನೆಟ್ಟಗೆ ನಿಲ್ಲಿಸಿ, ಮತ್ತೊಮ್ಮೆ ಬೆನ್ನು ತಿರುಗಿಸಿದಳು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಮಗುವಿನ ಮುಖ ಬಾಡಿತು.

ಆ ನಗೆ ಆಮೇಲೆ ನನ್ನನ್ನು ಕಾಡಿತು. ಅವಳು ಆಟಕ್ಕಾಗಿ ನಟಿಸುತ್ತಿರಲಿಲ್ಲವಷ್ಟೆ! ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಶ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಸಂಗವಿದೆ. 18ರಿಂದ 30 ತಿಂಗಳ ಮಕ್ಕಳನ್ನು ಮೊದಲು ದೊಡ್ಡ ಜಾರುಬಂಡೆ, ಕುರ್ಚಿ, ಕಾರುಗಳೊಡನೆ ಆಡಲು ಬಿಟ್ಟು, ಬಳಿಕ ಅವುಗಳ ಜಾಗದಲ್ಲಿ ಪುಟಾಣಿ ಪ್ರತಿರೂಪಗಳನ್ನಿಟ್ಟರು. ಕೆಲವು ಮಕ್ಕಳು ಪುಟ್ಟ ಕಾರಿನೊಳಗೆ ಪಾದ ತೂರಿಸಲು ನಿಜವಾಗಿಯೇ ಹೆಣಗಿದವು.

ಅವರ ವಿವರಣೆ ಹೀಗೆ: ‘ಇದು ಕುರ್ಚಿ’ ಎಂದು ಗುರುತಿಸುವ ನೋಟ ಬೇರೆ, ಅಳತೆಗೆ ತಕ್ಕಂತೆ ದೇಹವನ್ನು ನಡೆಸುವ ನೋಟ ಬೇರೆ. ಎಳೆಯ ಮಿದುಳಿನಲ್ಲಿ ಇವೆರಡೂ ಇನ್ನೂ ಚೆನ್ನಾಗಿ ಕೂಡಿರುವುದಿಲ್ಲ. ಕುರ್ಚಿಯನ್ನು ಕಂಡೊಡನೆ ಕೂರುವ ಸಂಕಲ್ಪ ಎದ್ದುಬಿಡುತ್ತದೆ. ತಡೆಯಬೇಕಾದ ಅರಿವು ಹಿಂದೆ ಬೀಳುತ್ತದೆ. ಸೋಜಿಗವೆಂದರೆ, ನಮ್ಮ ಹುಡುಗಿ ಆ ಪುಟ್ಟ ಪೀಠಕ್ಕೆ ನೇರವಾಗಿ, ಅಷ್ಟು ತಗ್ಗಿಗೇ ಬಗ್ಗಿದ್ದಳು. ಕಣ್ಣು ಅಳತೆಯನ್ನು ಕಂಡೇ ಇತ್ತು!

ಮರುದಿನ ಕುರ್ಚಿಯ ಬಳಿಗೆ ಹೋದವಳು ಮೊದಲು ನನ್ನ ಮುಖ ನೋಡಿದಳು. ನಾನು ಪತ್ರಿಕೆಯಿಂದ ತಲೆಯೆತ್ತಲಿಲ್ಲ.