ಸಪ್ಪಳ ಮಾಡುವ ನಳಗಳು

ಹುಬ್ಬಳ್ಳಿ-ಧಾರವಾಡಗಳಿಗೆ ಕುಡಿಯುವ ನೀರು ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದಲೂ ಬೇಡ್ತಿ ಹಳ್ಳದ ನೀರಸಾಗರದಿಂದಲೂ ಬರುವದು. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಿಡುವ ಏರ್ಪಾಡಾಯಿತು. ಆಗ ಮಿಕ್ಕ ಓಣಿಗಳಿಗೆ ದಿನಗಟ್ಟಲೆ ಅಂತರದಿಂದ ನೀರು ಬರುವ ಪದ್ಧತಿಯೇ ಉಳಿಯಿತು. ಹಾಗೆ ನೀರು ಬಿಟ್ಟುಬಿಟ್ಟು ಬರುವ ಮನೆಗಳಲ್ಲಿ ನಳವು ಮೊದಲು ಬುಸುಗುಟ್ಟಿ, ಗಡಗಡನೆ ನಡುಗಿ, ಅನಂತರ ನೀರು ಕಾರುವದು. ಅರ್ಧರಾತ್ರಿಯಾದರೂ ನೀರು ಬಂದಿತೆಂಬ ಸಂತೋಷದಲ್ಲಿ ಆ ಸಪ್ಪಳವನ್ನು ಯಾರೂ ಲೆಕ್ಕಿಸರು. ಆದರೆ ನಡುಗುವ ಕೊಳವೆಯ ಸಂದುಗಳು ಕ್ರಮೇಣ ಸಡಿಲಾಗುವವು.

ಸಪ್ಪಳವು ಯಾವಾಗ ಹುಟ್ಟುವದೆಂಬದನ್ನು ಗಮನಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ. ನೀರು ಬರುವ ಹೊತ್ತಿನ ಬುಸುಗುಟ್ಟುವಿಕೆಯು ಬರಿದಾದ ಕೊಳವೆಯಲ್ಲಿ ಸೇರಿದ ಗಾಳಿಯದು. ಎಲ್ಲಕ್ಕೂ ಎತ್ತರದಲ್ಲಿರುವ ತೋಟಿಯನ್ನು ತುಸು ತೆರೆದಿಟ್ಟು ಗಾಳಿಯನ್ನು ಹೊರಗೆ ಹೋಗಗೊಟ್ಟರೆ ಸಾಕು.

ತೋಟಿಯನ್ನು ಮುಚ್ಚಿದೊಡನೆ ಸುತ್ತಿಗೆಯಿಂದ ಬಡಿದಂತೆ ಕೇಳಿಸಿದರೆ ಕಾರಣ ಬೇರೆ. ಓಡುವ ನೀರನ್ನು ತಟ್ಟನೆ ತಡೆದಾಗ ಅದರ ವೇಗವೆಲ್ಲ ಒತ್ತಡವಾಗಿ ಕೊಳವೆಯನ್ನು ಗುದ್ದುವದು. ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ಇದನ್ನು ಪರೀಕ್ಷಿಸಿ ರಷ್ಯದ ಜುಕೋವ್ಸ್ಕಿಯವರು 1898ರಲ್ಲಿ ಸಿದ್ಧಾಂತವನ್ನು ಪ್ರಕಟಿಸಿದರು. ಅದರಂತೆ, ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರು ಓಡುವ ನೀರನ್ನು ಕ್ಷಣಮಾತ್ರದಲ್ಲಿ ನಿಲ್ಲಿಸಿದರೆ, 100 ಮೀಟರಿಗೂ ಎತ್ತರದ ನೀರಿನ ಕಂಬದಷ್ಟು ಭಾರ ಹೆಚ್ಚಾಗಿ ಬೀಳುವದು! ಕಾಲು ಸುತ್ತಿಗೇ ಮುಚ್ಚಿಕೊಳ್ಳುವ ಹೊಸ ಬಗೆಯ ತೋಟಿಗಳಲ್ಲಿ ಈ ಬಾಧೆ ಹೆಚ್ಚು. ಅವುಗಳನ್ನು ಮೆಲ್ಲನೆ ತಿರುಗಿಸತಕ್ಕದ್ದು. ಅಷ್ಟಕ್ಕೂ ನಿಲ್ಲದಿದ್ದರೆ ಮನೆಯ ಮುಂದಿನ ಮುಖ್ಯ ವಾಲ್ವನ್ನು ಸ್ವಲ್ಪ ಬಿಗಿದು ನೀರಿನ ವೇಗವನ್ನು ತಗ್ಗಿಸಬೇಕು.

ತೋಟಿಯನ್ನು ಅರ್ಧ ತೆರೆದಾಗ ಮಾತ್ರ ಕಿರುಗುಟ್ಟಿದರೆ ಒಳಗಿನ ವಾಶರು ಸವೆದಿದೆಯೆಂದು ತಿಳಿಯಬೇಕು. ಹೊಸದನ್ನು ಹಾಕಿದರೆ ತೀರಿತು. ನೀರು ಓಡುವಷ್ಟು ಹೊತ್ತೂ ಕೊಳವೆಯು ಗೋಡೆಗೆ ಬಡಿಯುತ್ತಿದ್ದರೆ ಹಿಡಿಕೆಗಳು ಸಡಿಲವಾಗಿವೆ. ಮೂರು ನಾಲ್ಕು ಅಡಿಗೊಂದರಂತೆ ಹಿಡಿಕೆ ಹಾಕಿ, ನಡುವೆ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡನ್ನು ಇಡುವದು ಒಳ್ಳೆಯದು. ಪ್ಲಾಸ್ಟಿಕ್ ಕೊಳವೆಯು ಬಿಸಿಲಿಗೆ ಹಿಗ್ಗುವದರಿಂದ ಅದನ್ನು ಅತಿಯಾಗಿ ಬಿಗಿಯಬಾರದು.

ದುರಸ್ತಿಯಾದ ಮೇಲೆ ಸಂದುಗಳಿಗೆ ಒಣ ಕಾಗದವನ್ನು ಒತ್ತಿ ನೋಡಬೇಕು. ನೆಲದೊಳಗಿನ ಕೊಳವೆಯ ಪರೀಕ್ಷೆಗೆ ಮೀಟರೇ ಸಾಧನ: ತೋಟಿಗಳೆಲ್ಲ ಮುಚ್ಚಿದ್ದು, ಟಾಕಿಗೂ ನೀರು ಏರದಿರುವಾಗ ಮುಳ್ಳು ತಿರುಗುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ.

ಸೋರಿಕೆಯಿಂದ ನೀರು ಹಾಳಾಗುವದಷ್ಟೇ ನಷ್ಟವಲ್ಲ. ನೀರು ನಿಂತು ಕೊಳವೆ ಬರಿದಾದಾಗ ಅದೇ ಸಂದಿನಿಂದ ಹೊರಗಿನ ಕೊಳೆಯು ಒಳಸೇರಬಹುದು. ಕೊಳವೆಗೇ ಮೋಟಾರು ಹಚ್ಚಿ ನೀರೆಳೆಯುವವರು ಈ ಅಪಾಯವನ್ನು ನೆರೆಯವರಿಗೂ ಹಂಚುತ್ತಾರೆ. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕಿಯರು ಹುಬ್ಬಳ್ಳಿ-ಧಾರವಾಡದ ನೀರನ್ನೇ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎಡೆಬಿಡದೆ ಬರುವ ನೀರಿಗಿಂತ ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಮಾಲಿನ್ಯಸೂಚಕ ಜೀವಾಣುಗಳು ಹೆಚ್ಚಾಗಿ ಕಂಡವೆಂದು ಹೇಳಿದೆ. ಆದಕಾರಣ ಬುಸುಗುಟ್ಟಿ ಬಂದ ಮೊದಲ ಒಂದೆರಡು ಕೊಡ ನೀರನ್ನು ಹಿತ್ತಿಲಿನ ಬಾಳೆ ತೆಂಗುಗಳ ಬುಡಕ್ಕೆ ಹಾಕಿ, ಅನಂತರದ ನೀರನ್ನು ಕಾಯಿಸಿ ಆರಿಸಿ ಕುಡಿಯಲು ಇಟ್ಟುಕೊಳ್ಳತಕ್ಕದ್ದು.