ಹುಡುಗಿ ಒಬ್ಬಳು, ಇಲಾಖೆ ಐದು

ಹತ್ತನೇ ತರಗತಿ ಪರೀಕ್ಷೆ ಬರೆದಿರುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅಪ್ಪ, ಅವ್ವ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ. ಅವಳು ಊರಿನಲ್ಲಿ ಅಜ್ಜಿಯ ಜೊತೆಗಿದ್ದಾಳೆ. ಕಾಲೇಜು ದೂರ, ಹಾಸ್ಟೆಲಿನಲ್ಲಿ ಸೀಟು ಸಿಗುವುದೋ ಇಲ್ಲವೋ ತಿಳಿಯದು. 'ಬೆಳೆದ ಹುಡುಗಿಯನ್ನು ಎಷ್ಟು ದಿನ ಕಾಯುವುದು?' ಎಂದು ಹಿರಿಯರು ವರನನ್ನು ಹುಡುಕತೊಡಗುತ್ತಾರೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಜನರಿಗೆ ಇದು ಕೇಳರಿಯದ ಕಥೆಯೇನಲ್ಲ.

ಹುಡುಗಿಯ ಕಷ್ಟ ಒಂದೇ. ಆದರೆ ಕಡತಗಳಲ್ಲಿ ಅದು ಐದು ಪಾಲಾಗುತ್ತದೆ. ಮದುವೆ ತಡೆಯುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಲಸ. ಕಾಲೇಜು ಶಿಕ್ಷಣ ಇಲಾಖೆಗೆ ಸೇರಿದ್ದು. ಹಾಸ್ಟೆಲು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯದು. ಯಾರಾದರೂ ಬೆದರಿಸಿದರೆ ಪೊಲೀಸರು. ತಂದೆ ತಾಯಿಗೆ ಊರಲ್ಲೇ ಕೂಲಿ ಬೇಕೆಂದರೆ ಗ್ರಾಮ ಪಂಚಾಯಿತಿ. ಐವರೂ ತಮ್ಮ ತಮ್ಮ ಕೆಲಸ ಮಾಡಿದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಇಂದು ತಪ್ಪಿದ ಮದುವೆ ಮೂರು ತಿಂಗಳ ನಂತರ ಬೇರೊಂದು ಊರಲ್ಲಿ ನಡೆದುಹೋಗಬಹುದು.

ಒಂದೊಂದಕ್ಕೂ ಒಂದು ಯೋಜನೆ

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ನಾಡಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂದು ಜಗತ್ತಿಗೇ ಪರಿಚಯವಾಯಿತು. ಹೀಗಿದ್ದರೂ 2018ರಲ್ಲಿ ಕೇಂದ್ರ ಸರ್ಕಾರ ವಿಶೇಷ ಗಮನ ಬೇಕಾದ 'ಮಹತ್ವಾಕಾಂಕ್ಷೆಯ ಜಿಲ್ಲೆ'ಗಳನ್ನು ಗುರುತಿಸಿದಾಗ ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ್ದು ರಾಯಚೂರು ಮತ್ತು ಯಾದಗಿರಿ.

ಈ ಭಾಗದ ಹೆಣ್ಣುಮಕ್ಕಳಿಗೆ ಯೋಜನೆಗಳಿಗೇನೂ ಬರವಿಲ್ಲ. ದೇವದಾಸಿ ಪದ್ಧತಿಯ ವಿರುದ್ಧ 1982ರಲ್ಲೇ ರಾಜ್ಯ ಕಾನೂನು ಮಾಡಿತು. ಪುನರ್ವಸತಿಯ ಹೊಣೆ ಮಹಿಳಾ ಅಭಿವೃದ್ಧಿ ನಿಗಮಕ್ಕೆ ಬಂತು. 2000-01ರಲ್ಲಿ ಉಳಿತಾಯ ಮತ್ತು ಸಾಲಕ್ಕಾಗಿ 'ಸ್ತ್ರೀಶಕ್ತಿ' ಗುಂಪುಗಳು ಹುಟ್ಟಿದವು. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ನೀಡುವ ಕಾಯ್ದೆ 2005ರಲ್ಲಿ ಬಂತು. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಅಧಿಕಾರಿ, ಬೇರೆ ಲೆಕ್ಕ. ಮಾಜಿ ದೇವದಾಸಿಯ ಮಗಳು ಓದಬೇಕೆಂದರೆ ತಾಯಿಯ ಪಿಂಚಣಿ, ಮನೆ, ಮಗಳ ವಿದ್ಯಾರ್ಥಿವೇತನಗಳಿಗೆ ಮೂರು ಕಡೆ ಅಲೆಯಬೇಕು. ಆ ಅಲೆದಾಟಕ್ಕೆ ಅವರು ತೆರುವ ಬೆಲೆ ದಿನದ ಕೂಲಿ.

ಬಿಡಿಬಿಡಿ ನೆರವಿನ ಈ ತೊಂದರೆ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ನೆರವು ಕೊಡುವ ಮತ್ತು ಪಡೆಯುವ ರಾಷ್ಟ್ರಗಳು 2005ರಲ್ಲಿ ಪ್ಯಾರಿಸ್‌ನಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ಯೋಜನೆ ನಡೆಸುವ ಬದಲು ಹೊಂದಿಕೆಯಿಂದ ಕೆಲಸ ಮಾಡಬೇಕೆಂದು ಒಪ್ಪಿಕೊಂಡವು.

ಸಂಘ ಕಲಿಸಿದ ಪಾಠ

ಪ್ಯಾರಿಸ್‌ಗಿಂತ ಮೊದಲೇ ಈ ಮಾತನ್ನು ನಡೆಸಿ ತೋರಿಸಿದ ಕಾರ್ಯಕ್ರಮವೊಂದು ನಮ್ಮಲ್ಲಿತ್ತು. ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಆರಂಭವಾದ ಮಹಿಳಾ ಸಮಖ್ಯಾ 1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಿಗೆ ಬಂತು. ಮುಂದೆ ರಾಯಚೂರಿಗೂ ಹಬ್ಬಿತು. ಅದು ಹಣ ಹಂಚಲಿಲ್ಲ. ಹಳ್ಳಿಯ ಬಡ ಹೆಂಗಸರನ್ನು ಸಂಘವಾಗಿ ಕೂಡಿಸಿ, ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳುವಂತೆ ಮಾಡಿತು. ಕುಡಿಯುವ ನೀರು, ಕೂಲಿ, ಗಂಡನ ಹೊಡೆತ, ಮಗಳ ಓದು ಎಲ್ಲವೂ ಒಂದೇ ಚಾಪೆಯ ಮೇಲೆ ಚರ್ಚೆಯಾದವು. ಇಲಾಖೆಗಳು ಮಾಡಬೇಕಿದ್ದ ಹೊಂದಾಣಿಕೆಯನ್ನು ಹೆಂಗಸರೇ ಮಾಡಿದರು.

ಮುಂದೆ ಕೇಂದ್ರ ಸರ್ಕಾರ 2016ರ ಹೊತ್ತಿಗೆ ಇದನ್ನು ಗ್ರಾಮೀಣ ಜೀವನೋಪಾಯ ಅಭಿಯಾನದೊಂದಿಗೆ ಸೇರಿಸಲು ತೀರ್ಮಾನಿಸಿತು. ಆ ಅಭಿಯಾನದ ಮುಖ್ಯ ಗುರಿ ಉಳಿತಾಯ, ಸಾಲ, ಸಂಪಾದನೆ. ಹಣದ ಲೆಕ್ಕ ಕೇಳುವ ಸಭೆಯಲ್ಲಿ ಹಕ್ಕಿನ ಮಾತಿಗೆ ಬಿಡುವು ಸಿಗುವುದು ಕಷ್ಟ. ಯೋಜನೆಗಳನ್ನು ಕೂಡಿಸುವುದೆಂದರೆ ದೊಡ್ಡದರಲ್ಲಿ ಚಿಕ್ಕದನ್ನು ಕರಗಿಸುವುದಲ್ಲ ಎಂಬ ಎಚ್ಚರ ಇಲ್ಲಿ ಅಗತ್ಯ.

ಒಂದೇ ಸೂರು, ಆದರೆ ದೂರ

2015ರಿಂದ ಆರಂಭವಾದ 'ಸಖಿ' ಕೇಂದ್ರಗಳಲ್ಲಿ ವೈದ್ಯಕೀಯ ನೆರವು, ಪೊಲೀಸ್ ಸಹಾಯ, ಕಾನೂನು ಸಲಹೆ, ಆಪ್ತ ಸಮಾಲೋಚನೆ, ತಾತ್ಕಾಲಿಕ ಆಶ್ರಯ ಒಂದೇ ಸೂರಿನಡಿ ದೊರೆಯುತ್ತವೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ 'ಮಿಷನ್ ಶಕ್ತಿ' ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸಖಿ ಕೇಂದ್ರ, 181 ಸಹಾಯವಾಣಿ, ಆಶ್ರಯಧಾಮ, ಉದ್ಯೋಗಸ್ಥ ಮಹಿಳೆಯರ ವಸತಿನಿಲಯ ಮುಂತಾದ ಬಿಡಿ ಯೋಜನೆಗಳನ್ನು ಒಂದು ಚೌಕಟ್ಟಿಗೆ ತಂದಿತು.

ಒಳ್ಳೆಯದೇ. ಆದರೆ ಸಖಿ ಕೇಂದ್ರವಿರುವುದು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿ. ಸಿಂಧನೂರಿನಿಂದಲೋ ಲಿಂಗಸುಗೂರಿನಿಂದಲೋ ರಾಯಚೂರು ಸುಮಾರು 90 ಕಿ.ಮೀ. ದೂರ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ನಿಜ. ಆದರೂ ಏಟು ತಿಂದ ಹೆಂಗಸು ಕೂಸನ್ನು ಎತ್ತಿಕೊಂಡು ಹೊರಡಲು ಬಸ್ಸೊಂದೇ ಸಾಲದು. ಯಾರ ಬಳಿ ಹೋಗಬೇಕೆಂದು ಹೇಳುವವರು, ಜೊತೆಗೆ ಹೋಗುವವರು ಊರಲ್ಲೇ ಇರಬೇಕು. ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಶಿಕ್ಷಕಿ, ಸಂಘದ ಮುಖಂಡೆ ತಿಂಗಳಿಗೊಮ್ಮೆ ಪಂಚಾಯಿತಿಯಲ್ಲಿ ಕೂತು, ಶಾಲೆ ಬಿಟ್ಟ ಹುಡುಗಿಯರ ಒಂದೇ ಪಟ್ಟಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನರ್ಧ ಹೊಣೆಗಾರಿಕೆಯದು. ಬಾಲ್ಯವಿವಾಹ ತಡೆಯಲು ರಾಜ್ಯದಲ್ಲಿ ಹಲವು ಇಲಾಖೆಗಳ ಅಧಿಕಾರಿಗಳಿಗೆ ಅಧಿಕಾರವಿದೆ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ಪಟ್ಟಿಯಲ್ಲಿರುವ ಪ್ರತಿ ಹುಡುಗಿಯ ಹೆಸರಿನ ಮುಂದೆ, ಅವಳು ಕಾಲೇಜು ಸೇರುವ ತನಕ ವಿಚಾರಿಸಿಕೊಳ್ಳುವ ಒಬ್ಬರ ಹೆಸರು ಇರಬೇಕು.

ನೀವೇನು ಮಾಡಬಹುದು?

ಕರ್ನಾಟಕದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂಬುದನ್ನು ಪಾಲಕರು ತಿಳಿದಿರಬೇಕು. ಗೆಳತಿಗೆ ಹದಿನೆಂಟು ತುಂಬುವ ಮೊದಲೇ ಮದುವೆ ಗೊತ್ತಾಗಿದೆಯೆಂದು ತಿಳಿದ ವಿದ್ಯಾರ್ಥಿಗಳು ಶಿಕ್ಷಕರಿಗೆ ಹೇಳಬಹುದು. 1098ಕ್ಕೆ ಫೋನು ಮಾಡಬಹುದು. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ; ಅದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನೋ 15100 ಸಂಖ್ಯೆಯನ್ನೋ ಸಂಪರ್ಕಿಸಬೇಕು. ಮದುವೆ ನಿಂತ ಮೇಲೆ ಕಾಲೇಜು ಮತ್ತು ಹಾಸ್ಟೆಲಿನ ಅರ್ಜಿಯನ್ನು ಅದೇ ವಾರ ತುಂಬಿಸಲು ಮರೆಯಬೇಡಿ.